ಅಪ್ಪ-ಅಮ್ಮನ ಮೆಡಿಕ್ಲೇಮ್ ತಂದ ಬದಲಾವಣೆ: ನನ್ನ ಅನುಭವ

ಪೀಣ್ಯದ ಯಂತ್ರಭಾಗಗಳ ಕಾರ್ಖಾನೆಯೊಂದರಲ್ಲಿ ಎಚ್‌ಆರ್ ನೋಡಿಕೊಳ್ಳುವ ನಾನು, 1981ರಿಂದ 1996ರೊಳಗೆ ಹುಟ್ಟಿದ ನೌಕರರಿಗೆ ಮೊದಲು ಬೇಕಿರುವುದು ಹೆತ್ತವರ ಮೆಡಿಕ್ಲೇಮ್ (ಆಸ್ಪತ್ರೆ ಖರ್ಚಿನ ವಿಮೆ) ಎಂದಾಗ ಆಡಳಿತದವರು ನಂಬಿರಲಿಲ್ಲ. ಟೇಬಲ್ ಟೆನ್ನಿಸ್, ಕಾಫಿ ಯಂತ್ರ, ರೆಸಾರ್ಟ್ ಔಟಿಂಗ್ ಎಂದು ವರ್ಷಕ್ಕೆ ಸುಮಾರು ಹನ್ನೆರಡು ಲಕ್ಷ ಖರ್ಚಾಗುತ್ತಿದ್ದರೂ ರಾಜೀನಾಮೆಗಳು ನಿಂತಿರಲಿಲ್ಲ. ಇಂಗ್ಲಿಷ್ ನಮೂನೆಯಲ್ಲಿ ಸಮೀಕ್ಷೆ ನಡೆಸಿದರೆ ಎಲ್ಲ ಕಾಲಂಗಳಲ್ಲೂ ‘ತೃಪ್ತಿಕರ’ ಎಂದೇ ಬರುತ್ತಿತ್ತು.

ಹೆಸರು ಬರೆಯಬೇಕಿಲ್ಲದ ಕನ್ನಡದ ಚೀಟಿಯೊಂದರಲ್ಲಿ, ‘ನಿಮ್ಮ ಪಾಲಿನ ಹತ್ತು ಸಾವಿರ ರೂಪಾಯಿಯನ್ನು ಕಂಪನಿ ಯಾವುದಕ್ಕೆ ಕೊಡಬೇಕು?’ ಎಂದಷ್ಟೇ ಕೇಳಿದ ಮೇಲೆ ನಿಜವಾದ ಉತ್ತರ ಸಿಕ್ಕಿತು. ಹೆತ್ತವರ ಚಿಕಿತ್ಸೆ ಎಲ್ಲಕ್ಕಿಂತ ಮುಂದಿತ್ತು. ಶಿಫ್ಟ್ ಪಟ್ಟಿ ಮೊದಲೇ ತಿಳಿಯಬೇಕೆಂಬುದು ಅದರ ಹಿಂದೆಯೇ ಇತ್ತು. ಕಾರಣವನ್ನು ನಾನು ಕಣ್ಣಾರೆ ಕಂಡಿದ್ದೆ. ಮೇಲ್ವಿಚಾರಕನಾಗಿ ಬಡ್ತಿ ಪಡೆಯಬೇಕಿದ್ದ ಆಪರೇಟರ್ ಒಬ್ಬರು, “ಸಾರ್, ಇನ್‌ಕ್ರಿಮೆಂಟ್ ಸ್ವಲ್ಪ ಮುಂದಕ್ಕೆ ಹಾಕೋಕಾಗುತ್ತಾ? ಅಮ್ಮನ ಚಿಕಿತ್ಸೆ ರಾಜಾಜಿನಗರದ ಇಎಸ್‌ಐ ಆಸ್ಪತ್ರೆಯಲ್ಲಿ ನಡೀತಿದೆ” ಎಂದು ಕೇಳಿದ್ದರು. ತಿಂಗಳ ಸಂಬಳ 21,000 ರೂಪಾಯಿ ದಾಟಿದರೆ, ಸ್ವಲ್ಪ ಕಾಲದ ನಂತರ ನೌಕರನೊಂದಿಗೆ ಅವಲಂಬಿತ ತಂದೆತಾಯಿಯರೂ ಕಾರ್ಮಿಕರ ರಾಜ್ಯ ವಿಮೆಯಾದ ಇಎಸ್‌ಐನಿಂದ ಹೊರಗುಳಿಯುತ್ತಾರೆ. ನಮ್ಮಲ್ಲಿ ಹಾಗೆ ಹೊರಗಿದ್ದ ನೌಕರರು ಸುಮಾರು ನೂರೈವತ್ತು ಮಂದಿ.

ಇಷ್ಟವಿದ್ದವರು ಮಾತ್ರ ಸೇರಲಿ ಎಂದು ಮೊದಲು ಕೊಟೇಶನ್ ತರಿಸಿದಾಗ, ಎರಡು ಲಕ್ಷದ ಕವರ್‌ಗೆ ಪ್ರತಿ ದಂಪತಿಗೆ ಮೂವತ್ತೈದು ಸಾವಿರದ ಆಸುಪಾಸು ಪ್ರೀಮಿಯಂ ಹೇಳಿದರು. ಮನೆಯಲ್ಲಿ ಕಾಯಿಲೆಯವರಿರುವ ನೌಕರರೇ ಸೇರುತ್ತಾರೆ, ಕ್ಲೇಮ್ ಏರುತ್ತದೆ, ಮರುವರ್ಷ ದರ ಇನ್ನೂ ಏರುತ್ತದೆ ಎಂಬುದು ವಿಮಾ ಕಂಪನಿಯ ಲೆಕ್ಕ. ಹೆತ್ತವರಿರುವ ಪ್ರತಿಯೊಬ್ಬರೂ ಸೇರಬೇಕು, ಅರ್ಧ ಪ್ರೀಮಿಯಂ ಕಂಪನಿಯದು, ಇಪ್ಪತ್ತು ಪ್ರತಿಶತ ಕೋ-ಪೇ (ಬಿಲ್ಲಿನಲ್ಲಿ ನೌಕರನೇ ಭರಿಸುವ ಪಾಲು) ಎಂದು ಷರತ್ತು ಬದಲಿಸಿದ ಮೇಲೆ ದರ ಹತ್ತೊಂಬತ್ತು ಸಾವಿರದ ಹತ್ತಿರಕ್ಕೆ ಇಳಿಯಿತು. ಔಟಿಂಗ್ ಮೊದಲಾದವುಗಳ ಆ ಹನ್ನೆರಡು ಲಕ್ಷವನ್ನೆಲ್ಲ ಇತ್ತ ತಿರುಗಿಸಿದ್ದರಿಂದ ಕಂಪನಿಯ ಮೇಲೆ ಬಿದ್ದ ಹೊರೆ ಎರಡು ಲಕ್ಷದಷ್ಟು ಮಾತ್ರ. ಬ್ರೋಕರ್ ಮುಂದೆ ಹಳೆಯ ಕ್ಲೇಮ್ ವಿವರಗಳನ್ನು ಯಾವ ರೀತಿ ಜೋಡಿಸಿಟ್ಟೆನೆಂಬುದನ್ನು ಇಲ್ಲಿ ಬಿಡಿಸಿ ಹೇಳುವುದಿಲ್ಲ. ದರ ಇಳಿದದ್ದರಲ್ಲಿ ಅದರ ಪಾಲು ದೊಡ್ಡದು. ತಂದೆತಾಯಿಯರ ಬದಲು ಅತ್ತೆಮಾವಂದಿರನ್ನು ಸೇರಿಸಲು ಅವಕಾಶ ಕೇಳಿ ಪಡೆದದ್ದನ್ನು ಮಹಿಳಾ ನೌಕರರು ವಿಶೇಷವಾಗಿ ಮೆಚ್ಚಿದರು.

ಇದರ ಜೊತೆಗೆ ಎನ್‌ಪಿಎಸ್ (ರಾಷ್ಟ್ರೀಯ ಪಿಂಚಣಿ ಯೋಜನೆ) ಕೂಡ ಪ್ರಯತ್ನಿಸಿ ನೋಡಿದೆ. ಹೊಸ ತೆರಿಗೆ ಪದ್ಧತಿಯಲ್ಲಿ ಮಾಲೀಕರ ವಂತಿಗೆಗೆ ಮೂಲ ವೇತನದ 14 ಪ್ರತಿಶತದವರೆಗೆ ವಿನಾಯಿತಿ ಇದ್ದರೂ, ಮನೆ ಸಾಲದ ಕಂತು ಕಟ್ಟುತ್ತಿರುವವರು ದೀರ್ಘಕಾಲ ಹಣವನ್ನು ಕಟ್ಟಿಹಾಕಲು ಒಪ್ಪಲಿಲ್ಲ. ಶಿಫ್ಟ್ ಪಟ್ಟಿಯನ್ನು ತಿಂಗಳ ಮೊದಲೇ ಗೋಡೆಗೆ ಅಂಟಿಸಿದ್ದು ಮಾತ್ರ ಒಂದು ಪೈಸೆ ಖರ್ಚಿಲ್ಲದೆ ಫಲ ಕೊಟ್ಟಿತು; ಹೇಳದೆ ರಜೆ ಹಾಕುವುದು ಕಣ್ಣಿಗೆ ಕಾಣುವಷ್ಟು ತಗ್ಗಿತು.

ಈಗ ರಾಜೀನಾಮೆಗಳು ಸುಮಾರು ಮೂರನೇ ಒಂದು ಭಾಗದಷ್ಟು ಕಡಿಮೆಯಾಗಿವೆ, ಅಂದು ಒಪ್ಪದೆ ತಲೆಯಾಡಿಸಿದ್ದ ಲೆಕ್ಕಪತ್ರ ವಿಭಾಗದವರೇ ರಿನ್ಯೂವಲ್ ಕಡತವನ್ನು ಮುಂಚಿತವಾಗಿ ಕೇಳುತ್ತಿದ್ದಾರೆ. ಮುಂದಿನ ಸಲ ಕೋ-ಪೇಯನ್ನು ಹತ್ತು ಪ್ರತಿಶತಕ್ಕೆ ಇಳಿಸಲು ಮಾತುಕತೆ ಆರಂಭಿಸಿದ್ದೇನೆ.