ಸೆಸ್ನಾ 172 ಲ್ಯಾಂಡಿಂಗ್‌ನಲ್ಲಿ ಪುಟಿದರೆ ಏನು ಮಾಡಬೇಕು

ಹಾರಾಟ ಕಲಿಯುವವರಿಗೆ ಎಂಜಿನ್ ಕೈಕೊಡುತ್ತದೆ ಅನ್ನೋ ಭಯವೇ ಜಾಸ್ತಿ. ಆದರೆ ಎಂಜಿನ್ ಸರಿಯಿದ್ದು, ಹವಾಮಾನ ತಿಳಿಯಾಗಿದ್ದು, ರನ್‌ವೇ ಬೇಕಾದಷ್ಟು ಉದ್ದವಿದ್ದರೂ ಮೂಗಿನ ಚಕ್ರ ಮುರಿದುಕೊಂಡ ವಿಮಾನಗಳು ಎಷ್ಟೋ ಇವೆ. ಅಲ್ಲಿ ತಪ್ಪಿದ್ದು ಪೈಲಟ್ ಕೈ.

ತಪ್ಪು ಶುರುವಾಗುವುದು ನೆಲ ಮುಟ್ಟುವಾಗ ಅಲ್ಲ, ಫೈನಲ್‌ನಲ್ಲೇ, ಅಂದರೆ ರನ್‌ವೇಗೆ ನೇರವಾಗಿ ಇಳಿದು ಬರುವ ಕೊನೆಯ ಹಂತದಲ್ಲೇ. ಸೆಸ್ನಾ 172 ಅನ್ನೋ ಚಿಕ್ಕ ತರಬೇತಿ ವಿಮಾನದ 172ಎಸ್ ಮಾದರಿಯಲ್ಲಿ 30 ಡಿಗ್ರಿ ಫ್ಲ್ಯಾಪ್ (ನಿಧಾನವಾಗಿ ಹಾರಲು ರೆಕ್ಕೆಯ ಹಿಂಬದಿಯಲ್ಲಿ ಇಳಿಸುವ ಹಲಗೆ) ಹಾಕಿದ ಮೇಲೆ ಕೈಪಿಡಿ ಹೇಳುವ ವೇಗ 60ರಿಂದ 70 ನಾಟ್ (ಗಂಟೆಗೆ ಸುಮಾರು 110ರಿಂದ 130 ಕಿ.ಮೀ.). ಗಾಳಿ ಇದೆ ಅಂತ ಒಂದಿಷ್ಟು, ಭಯಕ್ಕೆ ಇನ್ನೊಂದಿಷ್ಟು ಸೇರಿಸಿಕೊಂಡು 65ರ ಬದಲು 80ರಲ್ಲಿ ಬಂದರೆ ವಿಮಾನದ ಚಲನಶಕ್ತಿ ಒಂದೂವರೆ ಪಟ್ಟಾಗುತ್ತದೆ. ರೆಕ್ಕೆ ಇನ್ನೂ ಹಾರುತ್ತಲೇ ಇರುತ್ತದೆ. ವಿಮಾನ ಕೆಳಗಿಳಿಯುವುದಿಲ್ಲ, ರನ್‌ವೇ ಮುಗಿಯುತ್ತಾ ಬರುತ್ತದೆ, ಆಗ ಪೈಲಟ್ ಮೂಗನ್ನು ಇಳಿಸಲು ಯೋಕ್ (ಕೈಯಲ್ಲಿ ಹಿಡಿಯುವ ನಿಯಂತ್ರಣ ಚಕ್ರ) ಮುಂದಕ್ಕೆ ಒತ್ತುತ್ತಾನೆ.

ಅಪಾಯ ಇರೋದು ಇಲ್ಲೇ. ಮೂಗಿನ ಚಕ್ರ ಮೊದಲು ಬಡಿಯುತ್ತದೆ, ಮೂಗು ಮೇಲೇಳುತ್ತದೆ, ವಿಮಾನ ಪುಟಿಯುತ್ತದೆ. ಗಾಬರಿಯಲ್ಲಿ ಮತ್ತೆ ಒತ್ತುತ್ತಾರೆ, ಆದರೆ ಅಷ್ಟರಲ್ಲಿ ಮೂಗು ತಾನೇ ಇಳಿಯತೊಡಗಿರುತ್ತದೆ, ಹಾಗಾಗಿ ಎರಡನೇ ಏಟು ಮೊದಲಿನದಕ್ಕಿಂತ ಜೋರು. ಹೀಗೆ ಎರಡು ಮೂರು ಸಲ ಪುಟಿಯುವಷ್ಟರಲ್ಲಿ ಮುಂದಿನ ಗೇರ್ (ಚಕ್ರದ ಕಾಲು) ಮುರಿದು ಪ್ರೊಪೆಲ್ಲರ್ ನೆಲಕ್ಕೆ ತಾಗಬಹುದು.

ಆದ್ದರಿಂದ ಪುಟಿದ ತಕ್ಷಣ ಯೋಕ್ ಒತ್ತಬೇಡಿ. ಚಿಕ್ಕದಾಗಿ ಪುಟಿದಿದ್ದರೆ, ಮುಂದೆ ರನ್‌ವೇ ಧಾರಾಳವಾಗಿ ಉಳಿದಿದ್ದರೆ, ಮೂಗನ್ನು ಲ್ಯಾಂಡಿಂಗ್ ಭಂಗಿಯಲ್ಲೇ ಹಿಡಿದು, ಥ್ರಾಟಲ್ (ಎಂಜಿನ್ ಪವರ್) ಸ್ವಲ್ಪ ಕೊಟ್ಟು, ಹಿಂದಿನ ಚಕ್ರಗಳ ಮೇಲೆ ತಾನಾಗಿ ಕೂರಲು ಬಿಡಿ. ಜೋರಾಗಿ ಪುಟಿದಿದ್ದರೆ, ಅಥವಾ ಎರಡನೇ ಸಲ ಪುಟಿದರೆ, ಯೋಚನೆಯೇ ಬೇಡ, ಗೋ-ಅರೌಂಡ್, ಅಂದರೆ ಇಳಿಯುವುದು ಬಿಟ್ಟು ಮತ್ತೆ ಮೇಲೇರುವುದು.

ಥ್ರಾಟಲ್ ಪೂರ್ತಿ, ಮೂಗು ಎಡಕ್ಕೆ ಎಳೆಯದಂತೆ ಬಲ ರಡ್ಡರ್ ಪೆಡಲ್, ಫ್ಲ್ಯಾಪ್ 20ಕ್ಕೆ. ಟ್ರಿಮ್ (ಮೂಗಿನ ಭಂಗಿಯನ್ನು ಹಿಡಿದಿಡುವ ಹೊಂದಾಣಿಕೆ) ಲ್ಯಾಂಡಿಂಗ್‌ಗೆ ಹೊಂದಿಸಿರುವುದರಿಂದ ಪವರ್ ಕೊಟ್ಟ ಕೂಡಲೇ ಮೂಗು ಜೋರಾಗಿ ಮೇಲೇಳುತ್ತದೆ. ಅದನ್ನು ಗಟ್ಟಿಯಾಗಿ ಹಿಡಿದು ತಡೆಯಲೇಬೇಕು, ಇಲ್ಲದಿದ್ದರೆ ನೆಲದ ಹತ್ತಿರವೇ ಸ್ಟಾಲ್ ಆಗುತ್ತದೆ, ಅಂದರೆ ರೆಕ್ಕೆ ಎತ್ತುವ ಶಕ್ತಿ ಕಳೆದುಕೊಳ್ಳುತ್ತದೆ. 60 ನಾಟ್ ಬಂದು ವಿಮಾನ ಏರತೊಡಗಿದ ಮೇಲಷ್ಟೇ ಉಳಿದ ಫ್ಲ್ಯಾಪ್ ಹಂತಹಂತವಾಗಿ ತೆಗೆಯಿರಿ. ಒಂದೇ ಸಲ ತೆಗೆದರೆ ವಿಮಾನ ಕುಸಿಯುತ್ತದೆ.

ಬೆಂಗಳೂರಿನ ಜಕ್ಕೂರಿನಲ್ಲಿ ಕಲಿಯುವವರಿಗೆ ಇನ್ನೊಂದು ಮಾತು. ಆ ಏರೋಡ್ರೋಮ್ ಸಮುದ್ರಮಟ್ಟದಿಂದ ಸುಮಾರು 3,000 ಅಡಿ ಎತ್ತರದಲ್ಲಿದೆ. ಅಲ್ಲಿ ಗಾಳಿ ತೆಳುವಾಗಿರುವುದರಿಂದ ಬಿಸಿಲಿನ ಮಧ್ಯಾಹ್ನ ವೇಗದ ಮೀಟರ್ 65 ತೋರಿಸಿದರೂ ನಿಜವಾದ ವೇಗ 70ರ ಆಸುಪಾಸು ಇರುತ್ತದೆ. ನೆಲ ಓಡುವುದು ನೋಡಿ ವೇಗ ಜಾಸ್ತಿಯಾಯಿತು ಅಂತ ಯೋಕ್ ಎಳೆಯಬೇಡಿ, ಮೀಟರ್ ನಂಬಿ. ಅದೇ ಬಿಸಿಲಲ್ಲಿ ವಿಮಾನ ಏರುವುದೂ ನಿಧಾನ, ಆದ್ದರಿಂದ ಗೋ-ಅರೌಂಡ್ ನಿರ್ಧಾರ ಇನ್ನೂ ಬೇಗ ಆಗಬೇಕು.

ನನ್ನನ್ನು ಕೇಳಿದರೆ, ಫೈನಲ್‌ನಲ್ಲಿ 300 ಅಡಿಗೆ ಬರುವಷ್ಟರಲ್ಲಿ ವೇಗ ಹದಕ್ಕೆ ಬಂದಿಲ್ಲ, ಅಥವಾ ವಿಮಾನ ನೇರಕ್ಕೆ ಬಂದಿಲ್ಲ ಅಂದರೆ ಅಲ್ಲಿಂದಲೇ ಮೇಲೆ ಹೋಗುವುದು ವಾಸಿ. ಮೊದಲ ಸಲವೇ ಇಳಿಯಬೇಕು ಅನ್ನೋ ಹಟ ಯಾಕೆ ಅಲ್ವಾ? ಸೋಲೋಗೆ (ಒಬ್ಬರೇ ಹಾರುವುದಕ್ಕೆ) ಮುಂಚೆ ನಿಮ್ಮ ಇನ್‌ಸ್ಟ್ರಕ್ಟರ್‌ಗೆ ಹೇಳಿ, ಫ್ಲೇರ್ ಮಾಡುವ (ನೆಲ ಮುಟ್ಟುವ ಮುಂಚೆ ಮೂಗು ಎತ್ತುವ) ಹೊತ್ತಿಗೇ ಮುನ್ಸೂಚನೆ ಇಲ್ಲದೆ ಗೋ-ಅರೌಂಡ್ ಕೂಗಿಸಿಕೊಂಡು ಅಭ್ಯಾಸ ಮಾಡಿ.

ಅಕಸ್ಮಾತ್ ಮೂಗಿನ ಮೇಲೆ ಜೋರಾಗಿ ಬಿದ್ದಿದ್ದರೆ, ಹೊರಗಿಂದ ಏನೂ ಕಾಣದಿದ್ದರೂ ಎಂಜಿನಿಯರ್‌ಗೆ ತಿಳಿಸಿ. 172ರಲ್ಲಿ ಮುಂದಿನ ಗೇರ್ ಫೈರ್‌ವಾಲ್‌ಗೆ (ಎಂಜಿನ್ ಮತ್ತು ಕ್ಯಾಬಿನ್ ನಡುವಿನ ತಗಡಿನ ಗೋಡೆ) ಸೇರಿಕೊಂಡಿದೆ, ಏಟಿಗೆ ಆ ತಗಡು ಸುಕ್ಕುಗಟ್ಟಿರಬಹುದು. ಅದನ್ನು ನೋಡಿಸದೆ ವಿಮಾನ ಮತ್ತೊಬ್ಬರಿಗೆ ಕೊಡಬೇಡಿ.