ಅಮೆರಿಕದ ಜೊಂಡಿನಲ್ಲಿ ಕೆಂಪು ಭುಜದ ಕರಿಹಕ್ಕಿ: ಗುರುತಿಸುವುದು ಹೇಗೆ?

ಧಾರವಾಡದ ನಮ್ಮ ಓಣಿಯಿಂದ ಯಾರಾದರೂ ಮಕ್ಕಳ ಮನೆಗೆಂದು ಅಮೆರಿಕಕ್ಕೆ ಹೊರಟರೆ ನಾನು ಹೇಳುವುದು ಒಂದೇ ಮಾತು. ಮನೆ ಹತ್ತಿರ ಜೊಂಡು ಬೆಳೆದ ಹೊಂಡ ಇದೆಯಾ ಕೇಳಿ. ಇದ್ದರೆ ಏಪ್ರಿಲ್, ಮೇ ತಿಂಗಳಲ್ಲಿ ಬೆಳಗ್ಗೆ ಅಲ್ಲಿ ಹೋಗಿ ಸುಮ್ನೆ ನಿಲ್ಲಿ. ರೆಡ್-ವಿಂಗ್ಡ್ ಬ್ಲ್ಯಾಕ್‌ಬರ್ಡ್ ಅಲ್ಲಿ ತುಂಬಾ ಸಾಮಾನ್ಯ.

ಮೊದಲು ಕಿವಿ ಕೊಡಿ. "ಕಾಂಕ್-ಲ-ರೀ" ಎನ್ನುತ್ತದೆ, ಕೊನೆಯ "ರೀ" ನಡುಗುತ್ತಾ ಉದ್ದಕ್ಕೆ ಹೋಗುತ್ತದೆ. ನ್ಯೂಜೆರ್ಸಿಯಲ್ಲಿ ಮೊದಲ ದಿನ ನನಗೆ ಯಾರೋ ನಮ್ಮೂರವರೇ ಕರೆದಂತಾಗಿ ಹಿಂದೆ ತಿರುಗಿದ್ದೆ.

ಗಂಡು ಗೊರವಂಕಕ್ಕಿಂತ ಚೂರು ಸಣ್ಣದು, ಮಿರಮಿರ ಕಪ್ಪು. ಭುಜದ ಮೇಲೆ ಕೆಂಪು ಪಟ್ಟಿ, ಅದರಡಿ ಹಳದಿ ಅಂಚು. ಆದರೆ ಬರೀ ಕೆಂಪು ಹುಡುಕಬೇಡಿ. ಸುಮ್ಮನೆ ಕೂತಾಗ ಕೆಂಪನ್ನು ಕಪ್ಪು ಗರಿಯ ಕೆಳಗೆ ಮುಚ್ಚಿಕೊಳ್ಳುತ್ತದೆ, ಒಂದು ಹಳದಿ ಗೆರೆ ಅಷ್ಟೇ ಕಾಣುತ್ತದೆ. ಕೂಗುವಾಗ ನೋಡಬೇಕು! ಬೆನ್ನು ಬಾಗಿಸಿ, ಬಾಲ ಹರಡಿ, ಭುಜ ಉಬ್ಬಿಸುತ್ತದೆ. ಕೆಂಡ ಊದಿದ ಹಾಗೆ ಕೆಂಪು ಅರಳುತ್ತದೆ.

ಹೆಣ್ಣನ್ನು ಜಾಸ್ತಿ ಜನ ಬಿಟ್ಟೇಬಿಡುತ್ತಾರೆ. ಅವಳು ಕಪ್ಪಲ್ಲ, ಕಂದು. ಎದೆ ತುಂಬ ಕಡುಕಂದು ಗೀರು, ಕಣ್ಣಿನ ಮೇಲೆ ತಿಳಿ ಹುಬ್ಬು, ಚೂಪು ಕೊಕ್ಕು. ದೊಡ್ಡ ಗುಬ್ಬಿ ಅಂತಲೇ ಅನಿಸುತ್ತದೆ. ಗಂಡು ಜೊಂಡಿನ ತುದಿಯಲ್ಲಿದ್ದರೆ ಇವಳು ಬುಡದಲ್ಲಿ. ಅಲ್ಲಿ ನೋಡಿ.

ಕೆಲಗೇರಿ ಕೆರೆ ಕಡೆ ಗೀಜಗನ ಗೂಡು ನೋಡಿದ್ದೀರಲ್ವಾ? ಅಲ್ಲಿ ನೇಯುವುದು ಗಂಡು. ಇಲ್ಲಿ ಪೂರ್ತಿ ಹೆಣ್ಣಿನ ಕೆಲಸ. ನೀರಿನ ಮೇಲೆ ನಿಂತ ಜೊಂಡಿನ ಕಡ್ಡಿಗಳಿಗೆ ನಾರು ಸುತ್ತಿ, ಒಳಗೆ ಕೆಸರು ಮೆತ್ತಿ, ನುಣ್ಣನೆಯ ಹುಲ್ಲು ಹಾಸಿ ಬಟ್ಟಲಿನಂತೆ ಕಟ್ಟುತ್ತಾಳೆ. 3-4 ಮೊಟ್ಟೆ, ಸುಮಾರು 12 ದಿನ ಕಾವು, ಅದೂ ಒಬ್ಬಳೇ. ಒಂದೇ ಗಂಡಿನ ಗಡಿಯೊಳಗೆ ಇಂಥ ಹಲವು ಹೆಣ್ಣುಗಳ ಗೂಡಿರುತ್ತವೆ, ಕೆಲವೊಮ್ಮೆ 15ರವರೆಗೂ.

ಗಡಿ ಕಾಯುವುದು ಮಾತ್ರ ಗಂಡು. ಹದ್ದನ್ನು ಕಾಜಾಣ ಅಟ್ಟುವಂತೆ ಗಿಡುಗವನ್ನೂ ಅಟ್ಟುತ್ತದೆ, ಮನುಷ್ಯರನ್ನೂ ಬಿಡುವುದಿಲ್ಲ. ಒಮ್ಮೆ ಹಿಂದಿನಿಂದ ಬಂದು ನನ್ನ ತುರುಬಿಗೇ ಕುಕ್ಕಿತು. "ಅವ್ವಾ, ಮರಿ ಹಾರೋ ತನಕ ಆ ದಂಡಿಗೆ ಹೋಗಬ್ಯಾಡ" ಅಂದಳು ಮಗಳು. ಅಂದಿನಿಂದ ಹೊಂಡದ ಆಚೆ ದಂಡೆಯಲ್ಲಿ, ಕೊಡೆ ಬಿಚ್ಚಿಕೊಂಡು ನಿಂತು ನೋಡುತ್ತಿದ್ದೆ. ನೀವೂ ಹಾಗೇ ಮಾಡಿ. ಗೂಡಿನ ಹತ್ತಿರ ಹೋದರೆ ತಾಯಿ ಕಾವು ಬಿಟ್ಟು ಏಳುತ್ತಾಳೆ.