ತೀರ್ಥನ್ ಹೊಳೆಯ ಟ್ರೌಟ್: ಗಾಳ ಬೀಸುವ ಮುನ್ನ ನೀರು ನೋಡುವ ಬಗೆ

ಮುಂಬೈ, ಪುಣೆ, ಗೋವೆಗಳಲ್ಲಿ ನೆಲೆಸಿರುವ ನಮ್ಮ ಕರಾವಳಿಯವರಿಗೆ ಗಾಳ ಹೊಸದೇನಲ್ಲ. ಆದರೆ ಮಾಂಡೋವಿಯ ಅಳಿವೆಯಲ್ಲಿ ಎರೆ ಇಳಿಬಿಟ್ಟು ಉಬ್ಬರಕ್ಕಾಗಿ ಕಾದು ಕೂರುವ ಅಭ್ಯಾಸವನ್ನು ಹಿಮಾಚಲದ ತೀರ್ಥನ್ ಹೊಳೆಗೆ ಹಾಗೆಯೇ ಒಯ್ದರೆ ದಿನವಿಡೀ ಬರಿಗೈಯಲ್ಲಿ ಕೂರಬೇಕಾದೀತು. ಟ್ರೌಟ್ ನಿಂತಿರುವ ಜಾಗವನ್ನು ಮೊದಲು ಗುರುತಿಸಿ, ಎರೆಯನ್ನು ನಾವೇ ಅಲ್ಲಿಗೆ ಮುಟ್ಟಿಸಬೇಕು.

ಈ ಮೀನಿಗೆ ಆಮ್ಲಜನಕ ಹೇರಳವಾಗಿರುವ ತಣ್ಣೀರು ಬೇಕು. 10 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಲೀಟರ್ ನೀರು ಸುಮಾರು 11 ಮಿಲಿಗ್ರಾಂ ಆಮ್ಲಜನಕವನ್ನು ಹಿಡಿದಿಟ್ಟುಕೊಂಡರೆ, 30 ಡಿಗ್ರಿಯಲ್ಲಿ ಅದು ಏಳೂವರೆಗೆ ಇಳಿಯುತ್ತದೆ. ಹಾಗಾಗಿ ಪುಣೆಯ ಬಳಿಯ ಖಡಕ್‌ವಾಸಲಾ ಜಲಾಶಯದಲ್ಲಿ ಟ್ರೌಟ್ ಹುಡುಕುವುದು ವ್ಯರ್ಥ. ಪುಣೆಯಲ್ಲಿದ್ದುಕೊಂಡು ಮಾಡಬಹುದಾದದ್ದೆಂದರೆ ಕೊಕ್ಕೆ ತೆಗೆದ ಸ್ಪಿನ್ನರನ್ನು (ನೀರಿನಲ್ಲಿ ಎಳೆದಾಗ ಗಿರಗಿರ ತಿರುಗುವ ಲೋಹದ ಕೃತಕ ಎರೆ) ಖಾಲಿ ಬಯಲಿನಲ್ಲಿ ಗುರಿಯಿಟ್ಟು ಬೀಸುವ ಅಭ್ಯಾಸ.

ಟ್ರೌಟ್ ಸದಾ ಸೆಳವಿಗೆ ಎದುರಾಗಿ ನಿಲ್ಲುತ್ತದೆ. ಆದರೆ ರಭಸದ ನಡುವೆಯೇ ಈಜುತ್ತಿದ್ದರೆ ತಿಂದದ್ದೆಲ್ಲ ಕರಗಿಹೋಗುವುದರಿಂದ, ಬಂಡೆಯ ಹಿಂದೆ ಅಥವಾ ಮುಂದೆ, ದಡದ ಕೊರಕಲಿನ ಅಡಿಯಲ್ಲಿ, ವೇಗದ ನೀರೂ ನಿಧಾನದ ನೀರೂ ಒಂದನ್ನೊಂದು ತಾಗುವ ಅಂಚಿನಲ್ಲಿ ಅದು ತಂಗುತ್ತದೆ. ಪಕ್ಕದ ಸೆಳವು ಹುಳುವನ್ನು ಹೊತ್ತು ತಂದಾಗ ಒಮ್ಮೆ ಹೊರಚಿಮ್ಮಿ ಕಚ್ಚಿ ಮತ್ತೆ ಅದೇ ಜಾಗಕ್ಕೆ ಮರಳುತ್ತದೆ. ನೀರಿನ ಮೇಲೆ ನೊರೆಯ ಸಣ್ಣ ಗುಳ್ಳೆಗಳು ಸಾಲಾಗಿ ಸಾಗುವ ಗೆರೆಯೇ ಆಹಾರವೂ ಸಾಗುವ ದಾರಿ. ಗಾಳ ಬಿಡುವ ಮೊದಲು ದಡದ ನೀರಿನಿಂದ ಒಂದು ಕಲ್ಲನ್ನು ಎತ್ತಿ ಮಗುಚಿ ನೋಡಿ: ಮರಳಿನ ಹರಳುಗಳನ್ನು ಅಂಟಿಸಿಕೊಂಡು ಗೂಡು ಕಟ್ಟಿದ ಹುಳುಗಳು, ಕಲ್ಲಿಗೆ ಚಪ್ಪಟೆಯಾಗಿ ಅಂಟಿ ಬಾಲದ ಎಳೆಗಳನ್ನು ಅಲುಗಿಸುವ ಮರಿಗಳು ಕಂಡಾವು. ಟ್ರೌಟಿನ ಊಟದ ಬಹುಪಾಲು ನೀರಿನೊಳಗಿನ ಇಂಥವೇ ಆದ್ದರಿಂದ, ಇವುಗಳ ಗಾತ್ರಕ್ಕೂ ಬಣ್ಣಕ್ಕೂ ಹೊಂದುವ ಕೃತಕ ಹುಳುವನ್ನು ಆರಿಸಿಕೊಳ್ಳಬೇಕು. ಅಂಗಡಿಯವರು ಹೊಗಳುವ ಥಳಕಿನ ಎರೆಗಳಿಗಿಂತ ಈ ಕಲ್ಲಿನ ಸಾಕ್ಷ್ಯವನ್ನೇ ನಾನು ಹೆಚ್ಚು ನಂಬುತ್ತೇನೆ.

ಸೆಳವಿಗೆ ಮುಖಮಾಡಿದ ಮೀನಿಗೆ ಬೆನ್ನ ಹಿಂದಿನದು ಕಾಣುವುದಿಲ್ಲ. ಬೆಳಕು ನೀರಿನಲ್ಲಿ ಬಾಗುವುದರಿಂದ ದಡದಲ್ಲಿ ತೀರ ತಗ್ಗಿನಲ್ಲಿರುವುದೂ ಕಾಣದು. ಆದ್ದರಿಂದ ಹೊಳೆಯ ಕೆಳಭಾಗದಿಂದ ಮೇಲ್ಮುಖವಾಗಿ, ಬಗ್ಗಿಕೊಂಡು, ನೆರಳು ನೀರಿಗೆ ಬೀಳದಂತೆ ಸಾಗಬೇಕು. ಕಲ್ಲುಗಳ ಮೇಲೆ ಧಡಧಡ ಹೆಜ್ಜೆಯಿಟ್ಟರೆ ಮೈಪಕ್ಕದ ಸಂವೇದನ ರೇಖೆಯಿಂದ ಅದಕ್ಕೆ ಅದುರು ತಿಳಿಯುತ್ತದೆ. ಮೀನಿಗಿಂತ ತುಸು ಮೇಲಕ್ಕೆ ಕೃತಕ ಹುಳುವನ್ನು ಬೀಳಿಸಿ ಸೆಳವಿನ ವೇಗದಲ್ಲೇ ತೇಲಿಬರಲು ಬಿಡಬೇಕು; ದಾರ ಬಿಗಿದು ಹುಳು ಅಡ್ಡಕ್ಕೆ ಎಳೆದುಹೋದರೆ ಟ್ರೌಟ್ ಮುಟ್ಟುವುದಿಲ್ಲ. ಸ್ಪಿನ್ನರಾದರೆ ಮೇಲಕ್ಕೆ ಓರೆಯಾಗಿ ಎಸೆದು, ಸೆಳವಿಗಿಂತ ಸ್ವಲ್ಪ ಬೇಗ ಸುತ್ತಿಕೊಳ್ಳಬೇಕು. ಮರಳಿ ಬಿಡುವ ಮೀನನ್ನು ಕೈ ಒದ್ದೆ ಮಾಡಿಕೊಂಡೇ ಹಿಡಿಯಬೇಕು, ಒಣಗೈ ತಾಗಿದರೆ ಮೈಮೇಲಿನ ಲೋಳೆ ಕಿತ್ತುಬರುತ್ತದೆ.

ಬೇಸಿಗೆಯಲ್ಲಿ ಹಿಮ ಕರಗಿ, ಮಳೆಗಾಲದಲ್ಲಿ ಮಣ್ಣು ಕೊಚ್ಚಿ ಹೊಳೆ ಕದಡುವುದರಿಂದ ಮಾರ್ಚ್–ಏಪ್ರಿಲ್ ಮತ್ತು ಮಳೆ ನಿಂತ ಮೇಲಿನ ಅಕ್ಟೋಬರ್ ಒಳ್ಳೆಯ ಕಾಲ. ರಾಜ್ಯ ಮೀನುಗಾರಿಕೆ ಇಲಾಖೆಯ ಪರವಾನಗಿ ಕಡ್ಡಾಯ. ಮೊಟ್ಟೆಯಿಡುವ ಕಾಲವೆಂದು ನವೆಂಬರ್ 1ರಿಂದ ಫೆಬ್ರವರಿ ಕೊನೆಯವರೆಗೆ ಟ್ರೌಟ್ ಹಿಡಿಯುವುದಕ್ಕೆ ಅಲ್ಲಿ ನಿಷೇಧವಿದೆ. ದೀಪಾವಳಿ ನವೆಂಬರಿಗೆ ಜಾರಿದ ವರ್ಷ ಹಬ್ಬದ ರಜೆಯನ್ನು ನೆಚ್ಚಿಕೊಂಡು ಚಂಡೀಗಢದ ಟಿಕೆಟ್ ತೆಗೆಸಬೇಡಿ.